ಇಪ್ಪತ್ತು ಮನೆ, ಒಂದು ಜಾಗ: ಎಲ್ಲಿ ಹುಡುಕುವುದು?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಅವರು ಹೇಳಿದ್ದು ಒಂದು ಮನೆಯ ಮಾತು. ಅಪ್ಪನ ಕಚೇರಿ ಹತ್ತಿರವಿರಬೇಕು, ಅಮ್ಮ ಪಾಠ ಹೇಳುವ ಶಾಲೆಗೆ ಎರಡು ಬಸ್ಸು ಹಿಡಿಯುವಂತಿರಬಾರದು, ಮಗಳ ಕಾಲೇಜು ದೂರವಾಗಬಾರದು, ಅಜ್ಜಿಗೆ ನಡೆದುಹೋಗುವಷ್ಟರಲ್ಲಿ ಒಂದು ದೇವಸ್ಥಾನ ಬೇಕು. ಈ ನಾಲ್ಕನ್ನು ಹೊಂದಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಇನ್ನು ಇಪ್ಪತ್ತು ಕುಟುಂಬಗಳು ಒಟ್ಟಾಗಿ, ಒಂದೇ ಜಾಗದಲ್ಲಿ ಮನೆ ಕಟ್ಟಿಕೊಳ್ಳಲು ಹೊರಟರೆ? ಆ ಜಾಗವನ್ನು ಯಾವ ದಿಕ್ಕಿನಲ್ಲಿ ಹುಡುಕಬೇಕೆಂದು ಅವರು ಹೇಗೆ ತಾನೆ ಒಪ್ಪಂದಕ್ಕೆ ಬಂದಾರು?

ಇದು ಕಟ್ಟುಕತೆಯ ಪ್ರಶ್ನೆಯಲ್ಲ. ಡೆನ್ಮಾರ್ಕ್, ಅಮೆರಿಕ, ಬ್ರಿಟನ್‌ಗಳಲ್ಲಿ ಅನೇಕ ಗುಂಪುಗಳು ಈ ಪ್ರಶ್ನೆಯನ್ನು ಎದುರಿಸಿವೆ. ಕೆಲವು ಗೆದ್ದಿವೆ, ಕೆಲವು ಜಾಗ ಹುಡುಕುತ್ತಲೇ ಚದುರಿಹೋಗಿವೆ. ಈ ಬಗೆಯ ವಸತಿಗೆ ಡೆನ್ಮಾರ್ಕಿನಲ್ಲಿ 'ಬೊಫೆಲೆಸ್‌ಸ್ಕಾಬ್' ಎಂದು ಹೆಸರು. ಅಮೆರಿಕದ ವಾಸ್ತುಶಿಲ್ಪಿಗಳಾದ ಕ್ಯಾಥರಿನ್ ಮೆಕ್‌ಕ್ಯಾಮಂಟ್ ಮತ್ತು ಚಾರ್ಲ್ಸ್ ಡ್ಯೂರೆಟ್ 1988ರಲ್ಲಿ ಬರೆದ ಪುಸ್ತಕದಲ್ಲಿ ಅದಕ್ಕೆ 'ಕೋಹೌಸಿಂಗ್' ಎಂಬ ಹೆಸರಿಟ್ಟರು. ನಾವು ಸದ್ಯಕ್ಕೆ 'ಕೂಡುವಸತಿ' ಎನ್ನೋಣ.

ಕೂಡುವಸತಿ ಎಂದರೆ ಅವಿಭಕ್ತ ಕುಟುಂಬವಲ್ಲ. ಪ್ರತಿ ಮನೆಗೂ ತನ್ನದೇ ಅಡುಗೆಮನೆ, ತನ್ನದೇ ಬಾಗಿಲು, ತನ್ನದೇ ಹಣಕಾಸು ಇರುತ್ತದೆ. ನಮ್ಮಲ್ಲಿಯ ಅಪಾರ್ಟ್‌ಮೆಂಟೂ ಅಲ್ಲ. ಅಲ್ಲಿ ಯಾರೋ ಕಟ್ಟಿದ್ದನ್ನು ನಾವು ಕೊಳ್ಳುತ್ತೇವೆ. ಪಕ್ಕದ ಮನೆಯವರು ಯಾರೆಂದು ಒಕ್ಕಲು ಬಂದ ಮೇಲಷ್ಟೇ ತಿಳಿಯುತ್ತದೆ. ಇಲ್ಲಿ ನೆರೆಹೊರೆಯವರು ಮೊದಲು ಒಂದಾಗುತ್ತಾರೆ, ಮನೆ ಆಮೇಲೆ ಏಳುತ್ತದೆ. ಇಪ್ಪತ್ತು–ಮೂವತ್ತು ಮನೆಗಳ ನಡುವೆ ಒಂದು ಸಾಮಾನ್ಯ ಮನೆ. ವಾರದಲ್ಲಿ ಕೆಲವು ದಿನ ಅಲ್ಲಿ ಎಲ್ಲರಿಗೂ ಸರದಿಯ ಮೇಲೆ ಅಡುಗೆ. ಕಾರುಗಳು ಅಂಚಿನಲ್ಲೇ ನಿಲ್ಲುತ್ತವೆ. ನಡುವಿನ ಅಂಗಳ ಮಕ್ಕಳದು.

ಮಕ್ಕಳ ಗದ್ದಲಕ್ಕೆ ಹೆದರಿದ ನೆರೆ

ಈ ಕತೆ ಶುರುವಾದದ್ದು 1964ರಲ್ಲಿ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗುಡ್ಮಂಡ್–ಹೋಯರ್ ಮತ್ತು ಅವರ ಕೆಲವು ಗೆಳೆಯರು ಒಂಟಿ ಮನೆಗಿಂತ, ಬಹುಮಹಡಿ ಕಟ್ಟಡಕ್ಕಿಂತ ಉತ್ತಮವಾದದ್ದೇನಾದರೂ ಸಾಧ್ಯವೇ ಎಂದು ಚರ್ಚೆಗೆ ಕುಳಿತರು. ಕೋಪನ್‌ಹೇಗನ್ ನಗರದ ಹೊರವಲಯದ ಹರೆಸ್ಕೊವ್ ಎಂಬಲ್ಲಿ ಜಾಗವನ್ನೂ ಕೊಂಡರು. ಸಾಮಾನ್ಯ ಮನೆಯೊಂದರ ಸುತ್ತ ಹನ್ನೆರಡು ಮನೆಗಳ ನಕ್ಷೆ ಸಿದ್ಧವಾಯಿತು. ಅಧಿಕಾರಿಗಳ ಬೆಂಬಲವೂ ಇತ್ತು. ಆದರೆ ಅಕ್ಕಪಕ್ಕದ ನಿವಾಸಿಗಳು ಒಪ್ಪಲಿಲ್ಲ. ಅವರ ಆಕ್ಷೇಪಗಳಲ್ಲಿ ಒಂದು, ಇಷ್ಟೊಂದು ಮಕ್ಕಳು ಬಂದರೆ ಗದ್ದಲವಾಗುತ್ತದೆ ಎಂಬುದು! ಕೊನೆಗೆ ಯೋಜನೆ ಕೈಬಿಟ್ಟುಹೋಯಿತು.

ಇಲ್ಲೊಂದು ಸ್ವಾರಸ್ಯವಿದೆ. ಮೂರು ವರ್ಷದ ನಂತರ, 1967ರಲ್ಲಿ, ಬೋದಿಲ್ ಗ್ರಾಯೆ ಎಂಬ ಲೇಖಕಿ ಕೋಪನ್‌ಹೇಗನ್ನಿನ 'ಪೊಲಿಟಿಕೆನ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಒಂದೊಂದು ಮಗುವಿಗೂ ನೂರು ಮಂದಿ ತಂದೆತಾಯಿಯರಿರಬೇಕು ಎಂಬುದು ಅದರ ತಲೆಬರಹದ ಅರ್ಥ. ಯಾವ ಮಕ್ಕಳ ಗದ್ದಲಕ್ಕೆ ಹೆದರಿ ನೆರೆಯವರು ಬೇಡವೆಂದಿದ್ದರೋ ಆ ಮಕ್ಕಳಿಗಾಗಿಯೇ ಇಂಥ ವಸತಿ ಬೇಕೆಂದು ಅನೇಕ ಕುಟುಂಬಗಳು ಮುಂದೆ ಬಂದವು. ಮರುವರ್ಷ ಗುಡ್ಮಂಡ್–ಹೋಯರ್ ಕೂಡ ತಮ್ಮ ಯೋಚನೆಯನ್ನು ಪತ್ರಿಕೆಯಲ್ಲಿ ಬರೆದರು. ಆಸಕ್ತರು ಒಂದೆಡೆ ಸೇರಿದರು. ಜಾಗ ಮಾತ್ರ ಒಂದಲ್ಲ, ಎರಡಾಯಿತು. ಹಿಲ್ಲೆರೋಡ್‌ನಲ್ಲಿ 27 ಮನೆಗಳ 'ಸೆಟ್ಟೆಡಾಮ್ಮೆನ್' 1972ರಲ್ಲಿ, ಯೋನ್‌ಸ್ಟ್ರುಪ್‌ನಲ್ಲಿ 33 ಮನೆಗಳ 'ಸ್ಕ್ರೋಪ್ಲಾನೆಟ್' 1973ರಲ್ಲಿ ಪೂರ್ಣಗೊಂಡವು. ಅರ್ಧ ಶತಮಾನ ದಾಟಿದರೂ ಸೆಟ್ಟೆಡಾಮ್ಮೆನ್‌ನಲ್ಲಿ ಇಂದಿಗೂ ಜನ ಹಾಗೆಯೇ ಕೂಡಿ ಬಾಳುತ್ತಿದ್ದಾರೆ.

ಹರೆಸ್ಕೊವ್‌ನ ಅನುಭವ ಕಲಿಸುವುದೇನು? ಜಾಗ ನೋಡುವುದೆಂದರೆ ಬರಿಯ ಮಣ್ಣು, ನೀರು, ಬೆಲೆ ನೋಡುವುದಷ್ಟೇ ಅಲ್ಲ. ಅಲ್ಲಿ ಆಗಲೇ ಇರುವವರು ನಮ್ಮನ್ನು ಸೇರಿಸಿಕೊಂಡಾರೇ ಎಂಬುದನ್ನೂ ನೋಡಬೇಕು.

ಮೊದಲು ನೆಲವೋ, ಮೊದಲು ಜನವೋ?

ಬೀಜ ವೃಕ್ಷ ನ್ಯಾಯ ಇಲ್ಲಿಯೂ ಇದೆ. ನೆಲ ಮೊದಲೇ ನಿಗದಿಯಾದರೆ ಆ ಜಾಗ ಒಗ್ಗುವವರು ಮಾತ್ರ ಬರುತ್ತಾರೆ, ವಾದವಿಲ್ಲ. ಅಮೆರಿಕದಲ್ಲಿ ಹೊಸದಾಗಿ ಕಟ್ಟಿದ ಮೊದಲ ಕೂಡುವಸತಿ, ಕ್ಯಾಲಿಫೋರ್ನಿಯಾದ ಡೇವಿಸ್ ಪಟ್ಟಣದ 26 ಮನೆಗಳ 'ಮ್ಯೂರ್ ಕಾಮನ್ಸ್' (1991), ಒಬ್ಬ ನಿರ್ಮಾಣಗಾರನ ದೊಡ್ಡ ಬಡಾವಣೆಯೊಳಗೆ ಸಿಕ್ಕ ಜಾಗದಲ್ಲಿ ಎದ್ದಿತು. ಹುಡುಕಾಟದ ಕಷ್ಟ ಆ ಗುಂಪಿಗೆ ಅಷ್ಟಾಗಿ ತಟ್ಟಲಿಲ್ಲ.

ಜನ ಮೊದಲು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಹಿರಿಯ ಮಹಿಳೆಯರ ಗುಂಪೊಂದನ್ನು ನೋಡಬಹುದು. ಐವತ್ತು ದಾಟಿದ ಹೆಂಗಸರು ತಮ್ಮ ಮುಪ್ಪಿನ ದಿನಗಳನ್ನು ತಾವೇ ಕೂಡಿ ನಿಭಾಯಿಸಲು 1998ರಲ್ಲಿ ಗುಂಪು ಕಟ್ಟಿದರು. ಲಂಡನ್ ಎಂದರೆ ನೆಲದ ಬೆಲೆ ಆಕಾಶದಲ್ಲಿರುವ ಊರು. ಜಾಗ ಕಂಡಾಗ ಗುಂಪು ಸಭೆ ಸೇರಿ, ಹಣ ಹೊಂದಿಸುವಷ್ಟರಲ್ಲಿ ಬೇರೆ ಯಾರೋ ಕೊಂಡಿರುವುದು ಅಲ್ಲಿ ಮಾಮೂಲು. ಕೊನೆಗೆ 2010ರ ಹೊತ್ತಿಗೆ, ನೆಲದಡಿ ರೈಲಿನ ನಾರ್ದರ್ನ್ ಮಾರ್ಗದ ತುದಿಯಲ್ಲಿರುವ ಹೈ ಬಾರ್ನೆಟ್‌ನಲ್ಲಿ ಹಳೆಯ ಶಾಲೆಯ ಜಾಗವೊಂದು ಕೈಗೂಡಿತು. ಅದನ್ನು ಅವರಿಗಾಗಿ ಕೊಂಡದ್ದು ಒಂದು ವಸತಿ ಸಂಸ್ಥೆ. ಅನುಮತಿ ಸಿಗಲು ಮತ್ತೆ ವರ್ಷಗಳು ಉರುಳಿದವು. 25 ಮನೆಗಳ 'ನ್ಯೂ ಗ್ರೌಂಡ್' ತುಂಬಿದ್ದು 2016ರ ಕೊನೆಯಲ್ಲಿ. ಹದಿನೆಂಟು ವರ್ಷ! ಅರವತ್ತರಲ್ಲಿ ಸೇರಿದವರಿಗೆ ಎಪ್ಪತ್ತೆಂಟಾಗಿತ್ತು. ಕೂಡುವಸತಿಯಲ್ಲಿ ಸಮಯವೂ ಒಂದು ಬೆಲೆಯೇ. ಮಕ್ಕಳಿರುವ ಕುಟುಂಬಗಳಿಗೂ ಹೀಗೆಯೇ: ಐದು ವರ್ಷದ ಮಗುವಿಗೆ ಅಂಗಳ ಬೇಕೆಂದು ಹೊರಟು ಹತ್ತು ವರ್ಷ ಹುಡುಕಿದರೆ, ಮಗು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಂಗಳ ಸಿದ್ಧವಾಗುತ್ತದೆ.

ಬೇಕು–ಬೇಡಗಳ ನಕ್ಷೆ

ಅನುಭವಸ್ಥ ಗುಂಪುಗಳು 'ನಿಮಗೆ ಯಾವ ಜಾಗ ಇಷ್ಟ?' ಎಂದು ಶುರುಮಾಡುವುದಿಲ್ಲ. ಹಾಗೆ ಕೇಳಿದರೆ ಇಪ್ಪತ್ತು ಮನೆಗೆ ಇಪ್ಪತ್ತು ಹೆಸರು ಬರುತ್ತದೆ. ಹೆಸರು ಹೇಳಿದವರು ಅದನ್ನು ಬಿಟ್ಟುಕೊಡುವುದೂ ಕಷ್ಟ. ಬದಲಿಗೆ ಪ್ರತಿಯೊಂದು ಮನೆಯವರೂ ಎರಡು ಪಟ್ಟಿ ಬರೆಯಬೇಕು. ಮೊದಲನೆಯದು 'ಇದಿಲ್ಲದಿದ್ದರೆ ನಾವು ಬರಲಾಗದು'. ಎರಡನೆಯದು 'ಇದ್ದರೆ ಚೆನ್ನು'. ಮೊದಲ ಪಟ್ಟಿ ಚಿಕ್ಕದಿರಬೇಕು. ಎರಡನೆಯದು ಎಷ್ಟುದ್ದವಾದರೂ ಇರಲಿ.

ಹೀಗೆ ಬರೆಯುವಾಗಲೇ ಅರ್ಧ ಜಗಳ ಇಳಿಯುತ್ತದೆ. 'ಉತ್ತರ ದಿಕ್ಕೇ ಬೇಕು' ಎಂದು ಹಟ ಹಿಡಿದವರನ್ನು ಯಾಕೆಂದು ಕೇಳಿದರೆ, 'ನಮ್ಮ ತಾಯಿ ಅಲ್ಲಿದ್ದಾರೆ, ಅರ್ಧ ಗಂಟೆಯಲ್ಲಿ ತಲಪುವಂತಿರಬೇಕು' ಎನ್ನುತ್ತಾರೆ. ದಿಕ್ಕಿಗೆ ಒಂದೇ ಉತ್ತರ. ಅರ್ಧ ಗಂಟೆಗೆ ಹಲವು ಉತ್ತರಗಳಿವೆ. ರೈಲು ನಿಲ್ದಾಣದ ಹತ್ತಿರವಾದರೆ ದಕ್ಷಿಣದಿಂದಲೂ ಅರ್ಧ ಗಂಟೆಯಲ್ಲಿ ಹೋಗಬಹುದಲ್ಲ!

ಆಮೇಲೆ ನಕ್ಷೆ ಹರಡಿ, ಪ್ರತಿ ಮನೆಯವರೂ ತಾವು ದಿನವೂ ಹೋಗಲೇಬೇಕಾದ ಜಾಗದ ಸುತ್ತ ಗೆರೆ ಎಳೆಯುತ್ತಾರೆ. ಕೈವಾರದಿಂದ ಎಳೆದ ವೃತ್ತ ಇಲ್ಲಿ ಸಾಲದು. ಐದು ಕಿಲೋಮೀಟರನ್ನು ಒಂದೆಡೆ ಹತ್ತು ನಿಮಿಷದಲ್ಲಿ ಕ್ರಮಿಸಬಹುದು. ನಡುವೆ ಹೊಳೆಯೋ, ರೈಲ್ವೆ ಗೇಟೋ ಇದ್ದರೆ ಐವತ್ತು ನಿಮಿಷವೂ ಹಿಡಿಯಬಹುದು. ಆದ್ದರಿಂದ ಗೆರೆ ದೂರದ್ದಲ್ಲ, ವೇಳೆಯದು. ಅಂಥ ಗೆರೆ ರಸ್ತೆಗುಂಟ ಉದ್ದಕ್ಕೆ ಚಾಚಿಕೊಂಡು, ರಸ್ತೆಯಿಲ್ಲದೆಡೆ ಒಳಕ್ಕೆ ಸರಿದು, ನಕ್ಷತ್ರಮೀನಿನಂತೆ ಕಾಣುತ್ತದೆ. ಎಲ್ಲರ ಗೆರೆಗಳೂ ಒಂದರ ಮೇಲೊಂದು ಬಿದ್ದ ಭಾಗವೇ ಹುಡುಕಬೇಕಾದ ಸೀಮೆ. ಶಾಲೆಯಲ್ಲಿ ಕಲಿತ ಗಣಗಳ ಛೇದನ ಇದೇ ತಾನೆ?

ಮಧ್ಯ ಯಾವುದು?

ಸೀಮೆ ದೊಡ್ಡದಿದ್ದರೆ ಅದರೊಳಗೆ ಯಾವ ಭಾಗ ಎಂಬ ಪ್ರಶ್ನೆ ಉಳಿಯುತ್ತದೆ. 'ಎಲ್ಲರಿಗೂ ಮಧ್ಯದಲ್ಲಿ ಇರಲಿ' ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಮಾತು ನ್ಯಾಯವೇ. ಆದರೆ ಮಧ್ಯ ಎಂದರೆ ಯಾವುದು?

ಒಂದು ಲೆಕ್ಕ ಮಾಡೋಣ. ಒಂದು ನೇರ ರಸ್ತೆ. ಐದು ಕುಟುಂಬಗಳ ಕೆಲಸದ ಜಾಗಗಳು 0, 2, 3, 10 ಮತ್ತು 20ನೇ ಕಿಲೋಮೀಟರ್ ಕಲ್ಲುಗಳ ಬಳಿ ಇವೆ. ಸರಾಸರಿ ತೆಗೆದರೆ 7. ಸಾಲಿನಲ್ಲಿ ನಟ್ಟನಡುವೆ ಇರುವ ಸಂಖ್ಯೆ (ಮಧ್ಯಾಂಕ) 3. ಎರಡು ತುದಿಗಳ ನಡುಬಿಂದು 10. ಮೂರೂ 'ಮಧ್ಯ'ವೇ!

3ನೇ ಕಲ್ಲಿನ ಬಳಿ ಮನೆ ಕಟ್ಟಿದರೆ ಐವರ ಪ್ರಯಾಣ ಕ್ರಮವಾಗಿ 3, 1, 0, 7, 17. ಒಟ್ಟು 28 ಕಿಲೋಮೀಟರ್. 7ನೇ ಕಲ್ಲಿನ ಬಳಿ ಒಟ್ಟು 32. 10ನೇ ಕಲ್ಲಿನ ಬಳಿ 35. ಇಡೀ ಗುಂಪಿನ ಓಡಾಟ ಕಡಿಮೆಯಾಗಬೇಕಾದರೆ 3ನೇ ಕಲ್ಲೇ ಸರಿ. ಆದರೆ ಕೊನೆಯ ಕುಟುಂಬದ ಕಡೆ ನೋಡಿ: 3ನೇ ಕಲ್ಲಿನಿಂದ ಅವರಿಗೆ 17 ಕಿಲೋಮೀಟರ್, 7ರಿಂದ 13, 10ರಿಂದ 10. ಯಾರೊಬ್ಬರಿಗೂ ಅತಿಯಾದ ಹೊರೆ ಬೀಳಬಾರದು ಎಂದರೆ 10ನೇ ಕಲ್ಲೇ ಸರಿ. ಗಣಿತ ಎರಡೂ ಉತ್ತರಗಳನ್ನು ಕೊಡುತ್ತದೆ. ಒಟ್ಟು ಹೊರೆ ಕಡಿಮೆಯಾಗುವುದು ನ್ಯಾಯವೋ, ಹೆಚ್ಚು ಹೊತ್ತವನ ಹೊರೆ ಕಡಿಮೆಯಾಗುವುದು ನ್ಯಾಯವೋ, ಅದನ್ನು ಮನುಷ್ಯರೇ ತೀರ್ಮಾನಿಸಬೇಕು.

ಜಾಗಗಳು ಒಂದೇ ರಸ್ತೆಯಲ್ಲಿರದೆ ಮೂರು ದಿಕ್ಕಿನಲ್ಲಿದ್ದರೆ? ಮೂರು ಬಿಂದುಗಳಿಂದ ಒಟ್ಟು ದೂರ ಅತಿ ಕಡಿಮೆಯಾಗುವ ಬಿಂದು ಯಾವುದೆಂಬ ಸವಾಲನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಎತ್ತಿದ. ಇಟಲಿಯ ಟೊರಿಸೆಲ್ಲಿ ಬಿಡಿಸಿದ. ಅದನ್ನು ವಿದ್ಯಾರ್ಥಿಗಳು ಕೈಯಾರೆ ಮಾಡಿ ನೋಡಬಹುದು. ಒಂದು ಹಲಗೆಗೆ ಮೂರು ತೂತು ಕೊರೆಯಿರಿ. ಮೂರು ದಾರಗಳ ತುದಿಗಳನ್ನು ಹಲಗೆಯ ಮೇಲೆ ಸೇರಿಸಿ ಗಂಟು ಹಾಕಿ, ಉಳಿದ ತುದಿಗಳನ್ನು ಒಂದೊಂದು ತೂತಿನಿಂದ ಕೆಳಕ್ಕಿಳಿಸಿ ಸಮಭಾರದ ತೂಕ ಕಟ್ಟಿ. ತೂಕಗಳು ಆದಷ್ಟು ಕೆಳಗಿಳಿಯಲು ಹವಣಿಸುವುದರಿಂದ ಹಲಗೆಯ ಮೇಲಿನ ದಾರ ಆದಷ್ಟು ಗಿಡ್ಡವಾಗುತ್ತದೆ. ಗಂಟು ನಿಂತ ಜಾಗವೇ ಉತ್ತರ. ಜರ್ಮನಿಯ ಆಲ್ಫ್ರೆಡ್ ವೆಬರ್ 1909ರಲ್ಲಿ ಕಾರ್ಖಾನೆಗಳನ್ನು ಎಲ್ಲಿ ಸ್ಥಾಪಿಸಬೇಕೆಂಬುದನ್ನು ಇದೇ ತತ್ತ್ವದಿಂದ ವಿವರಿಸಿದ.

ಈಗ ಒಂದು ದಾರದ ತೂಕವನ್ನು ಹೆಚ್ಚಿಸುತ್ತಾ ಹೋಗಿ. ಅದು ಉಳಿದೆರಡರ ಮೊತ್ತದಷ್ಟಾದಾಗ ಗಂಟು ಸೀದಾ ಆ ತೂತಿನ ಬಾಯಿಗೇ ಹೋಗಿ ಕೂರುತ್ತದೆ. ಸಭೆಯಲ್ಲಿಯೂ ಅಷ್ಟೇ. ಉಳಿದವರೆಲ್ಲರಷ್ಟು ತೂಕದ ಒಬ್ಬ ಹಣವಂತನೋ, ಗಟ್ಟಿ ಗಂಟಲಿನವನೋ ಇದ್ದರೆ ಜಾಗ ಅವನ ಮನೆ ಬಾಗಿಲಿಗೇ ಬರುತ್ತದೆ.

ಕೈ ಎತ್ತಿದರೆ ಮುಗಿಯಿತೆ?

'ಇಷ್ಟೆಲ್ಲ ಯಾಕೆ, ಮತ ಹಾಕಿದರಾಯಿತು' ಎನ್ನುವವರುಂಟು. ಅದನ್ನೂ ಪರೀಕ್ಷಿಸೋಣ. ಮೂರು ಜಾಗಗಳು: ನಿಲ್ದಾಣದ ಹತ್ತಿರದ್ದು, ಶಾಲೆಯ ಹತ್ತಿರದ್ದು, ಊರಾಚೆಯ ಅಗ್ಗದ್ದು. ಮೂರು ಕುಟುಂಬಗಳ ಇಷ್ಟದ ಕ್ರಮ ಹೀಗಿದೆ. ಮೊದಲನೆಯವರು: ನಿಲ್ದಾಣ, ಶಾಲೆ, ಅಗ್ಗ. ಎರಡನೆಯವರು: ಶಾಲೆ, ಅಗ್ಗ, ನಿಲ್ದಾಣ. ಮೂರನೆಯವರು: ಅಗ್ಗ, ನಿಲ್ದಾಣ, ಶಾಲೆ.

ನಿಲ್ದಾಣವೋ ಶಾಲೆಯೋ ಎಂದು ಕೇಳಿದರೆ ಒಂದನೆಯ ಮತ್ತು ಮೂರನೆಯ ಕುಟುಂಬ ನಿಲ್ದಾಣದ ಕಡೆ, ನಿಲ್ದಾಣ ಗೆದ್ದಿತು. ಶಾಲೆಯೋ ಅಗ್ಗವೋ ಎಂದರೆ ಶಾಲೆ ಗೆಲ್ಲುತ್ತದೆ. ಹಾಗಾದರೆ ಅಗ್ಗದ ಜಾಗ ಎಲ್ಲಕ್ಕಿಂತ ಹಿಂದೆ ತಾನೆ? ಇಲ್ಲ! ಅಗ್ಗವೋ ನಿಲ್ದಾಣವೋ ಎಂದು ಕೇಳಿ ನೋಡಿ: ಎರಡಕ್ಕೆ ಒಂದರಂತೆ ಅಗ್ಗವೇ ಗೆಲ್ಲುತ್ತದೆ. ಮತ ಹಾಕಿದಷ್ಟೂ ಗಾಣದೆತ್ತಿನಂತೆ ಸುತ್ತುತ್ತಿರಬೇಕು. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕೆಂದು ನಿರ್ಧರಿಸುವವನೇ ಫಲಿತಾಂಶವನ್ನೂ ನಿರ್ಧರಿಸುತ್ತಾನೆ. ಈ ವಿಚಿತ್ರವನ್ನು 1785ರಲ್ಲಿಯೇ ಫ್ರಾನ್ಸಿನ ಕಾಂಡೋರ್ಸೆ ತೋರಿಸಿದ್ದ.

ಹಾಗಾಗಿಯೇ ಬಹಳಷ್ಟು ಕೂಡುವಸತಿ ಗುಂಪುಗಳು ಬಹುಮತಕ್ಕಿಂತ ಸಹಮತಕ್ಕೆ ಒತ್ತು ಕೊಡುತ್ತವೆ. ಸಹಮತ ಎಂದರೆ ಎಲ್ಲರಿಗೂ ಅದೇ ಅತ್ಯಂತ ಇಷ್ಟವೆಂದಲ್ಲ. 'ನನ್ನ ಮೊದಲ ಆಯ್ಕೆ ಇದಲ್ಲ, ಆದರೆ ಇದರೊಡನೆ ಬಾಳಬಲ್ಲೆ' ಎಂದರೆ ಸಾಕು. ಕೆಲವು ಗುಂಪುಗಳಲ್ಲಿ ಸಭೆಗೆ ಬಂದವರ ಕೈಯಲ್ಲಿ ಬಣ್ಣದ ಚೀಟಿಗಳಿರುತ್ತವೆ: ಹಸಿರು ಎಂದರೆ ಒಪ್ಪಿಗೆ, ಹಳದಿ ಎಂದರೆ ಪ್ರಶ್ನೆಯಿದೆ, ಕೆಂಪು ಎಂದರೆ ತಡೆ. ಬಣ್ಣಗಳ ಅರ್ಥ ಗುಂಪಿನಿಂದ ಗುಂಪಿಗೆ ಬೇರೆಯಾಗಬಹುದು. ಕೆಂಪು ಎತ್ತಿದವರು ಸುಮ್ಮನೆ ಕೂರುವಂತಿಲ್ಲ. ಗುಂಪಿಗೆ ಅದರಿಂದ ಏನು ಕೇಡು ಎಂದು ವಿವರಿಸಿ, ಬೇರೆ ದಾರಿ ಹುಡುಕಲು ಕೈಜೋಡಿಸಬೇಕು. ಹಲವು ಸಭೆಗಳಾದರೂ ಬಗೆಹರಿಯದಿದ್ದರೆ ದೊಡ್ಡ ಬಹುಮತದಿಂದ ತೀರ್ಮಾನಿಸುವ ನಿಯಮವನ್ನು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಜಗಳ ಶುರುವಾದ ಮೇಲೆ ಜಗಳ ಬಿಡಿಸುವ ನಿಯಮ ಮಾಡಲಾಗದು.

ಒಪ್ಪಿಗೆಯಾದ ಸೀಮೆಯನ್ನು, ಬೆಲೆಯ ಮಿತಿಯನ್ನು, 'ಇಲ್ಲದಿದ್ದರೆ ಆಗದು' ಪಟ್ಟಿಯನ್ನು ಮೂರು–ನಾಲ್ಕು ಮಂದಿಯ ತಂಡಕ್ಕೆ ವಹಿಸುತ್ತಾರೆ. ನೆಲ ಮಾರುವವನು ಇಪ್ಪತ್ತು ಮನೆಯವರ ಸಭೆ ಮುಗಿಯಲೆಂದು ಕಾಯುವುದಿಲ್ಲ. ಅಳತೆಗೋಲು ಮೊದಲೇ ಸಿದ್ಧವಿದ್ದರೆ ಜಾಗ ಕಂಡ ವಾರದಲ್ಲೇ ಹೌದು–ಅಲ್ಲ ಎನ್ನಬಹುದು.

ಯಾರು ಹೊರಗುಳಿದರು?

ಇಷ್ಟಾದರೂ ಒಂದು ಕಹಿ ಉಳಿಯುತ್ತದೆ. ಎಲ್ಲಿ ಎಂದು ನಿರ್ಧರಿಸಿದಾಗ ಯಾರು ಎಂಬುದೂ ನಿರ್ಧಾರವಾಗಿಬಿಡುತ್ತದೆ. ನಿಲ್ದಾಣದ ಹತ್ತಿರವೆಂದರೆ ಕಡಿಮೆ ಸಂಬಳದವರು ಬರಲಾರರು. ಊರಾಚೆಯೆಂದರೆ ಕಾರಿಲ್ಲದವರು, ವಯಸ್ಸಾದವರು ಬರಲಾರರು. ಎರಡು ವರ್ಷ ಒಟ್ಟಿಗೆ ಸಭೆ ಮಾಡಿ, ಊಟ ಮಾಡಿ, ಮಕ್ಕಳೂ ಗೆಳೆಯರಾದ ಮೇಲೆ ಒಂದು ಕುಟುಂಬ 'ನಮಗೆ ಅಲ್ಲಿಗೆ ಬರಲಾಗದು' ಎಂದು ಎದ್ದುಹೋಗುವುದು ಎಲ್ಲರಿಗೂ ನೋವಿನ ಸಂಗತಿ. ಇದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಬೇಗ ತಿಳಿಯುವಂತೆ ಮಾಡಬಹುದು. ಸೀಮೆಯನ್ನು ಆರಂಭದಲ್ಲೇ ಗೊತ್ತು ಮಾಡಿದರೆ, ಬರಲಾಗದವರು ಹಣ ಮತ್ತು ಆಸೆ ಎರಡನ್ನೂ ಕಟ್ಟುವ ಮೊದಲೇ ಬೇರೆ ದಾರಿ ನೋಡಿಕೊಳ್ಳುತ್ತಾರೆ. ಹೊಸದಾಗಿ ಬರುವವರು ಒಪ್ಪಿಯೇ ಬರುತ್ತಾರೆ. ಪ್ರತಿ ಹೊಸಬರಿಗಾಗಿ ಪ್ರಶ್ನೆಯನ್ನು ಮತ್ತೆ ತೆರೆಯುವ ಗುಂಪು ಎಂದೂ ಜಾಗಕ್ಕೆ ತಲಪದು.

ನಮ್ಮ ಗೃಹ ನಿರ್ಮಾಣ ಸಹಕಾರ ಸಂಘಗಳಲ್ಲಿ ಸಾಮಾನ್ಯವಾಗಿ ಈ ಚರ್ಚೆಗೆ ಎಡೆಯಿಲ್ಲ. ಆಡಳಿತ ಮಂಡಳಿ ಜಮೀನು ನೋಡುತ್ತದೆ, ಬಡಾವಣೆಯ ನಕ್ಷೆಯಾಗುತ್ತದೆ, ಸದಸ್ಯರಿಗೆ ನಿವೇಶನ ಹಂಚಿಕೆಯಾಗುತ್ತದೆ. ಅದರಲ್ಲಿ ಸಭೆಗಳ ಬೇಸರವಿಲ್ಲ, ನಿಜ. ನೆರೆಯವರು ಯಾರೆಂದು ಮೊದಲೇ ತಿಳಿಯುವ ಅವಕಾಶವೂ ಇಲ್ಲ.

ಮನೆಯಲ್ಲೇ ಮಾಡಿ ನೋಡಿ

ಕೂಡುವಸತಿ ನಮಗೆ ದೂರದ ಮಾತಾಗಿರಬಹುದು. ಮನೆ ಬದಲಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅನೇಕ ಮನೆಗಳಲ್ಲಿ ಆ ತೀರ್ಮಾನ ಮಕ್ಕಳ ಕಿವಿಗೆ ಬೀಳುವುದು ಮುಂಗಡ ಕೊಟ್ಟಾದ ಮೇಲೆ. ಶಾಲೆ, ಗೆಳೆಯರು, ಆಟದ ಬಯಲು ಎಲ್ಲ ಬಿಟ್ಟುಹೋಗಬೇಕಾದವರು ಅವರೇ ಆದರೂ ಕೇಳುವ ಪದ್ಧತಿಯಿಲ್ಲ. ಕೇಳಿದೊಡನೆ ಅವರ ಮಾತೇ ನಡೆಯಬೇಕೆಂದಿಲ್ಲ. ಪಟ್ಟಿಯಲ್ಲಿ ಅವರದೂ ಒಂದು ಸಾಲಿರಲಿ.

ವಿದ್ಯಾರ್ಥಿಗಳೇ, ಬರುವ ರಜಾದಿನ ನಿಮ್ಮ ಊರಿನ ನಕ್ಷೆಯೊಂದನ್ನು ಹರಡಿ. ಮನೆಯ ಪ್ರತಿಯೊಬ್ಬರೂ ವಾರದಲ್ಲಿ ಎಲ್ಲೆಲ್ಲಿಗೆ, ಎಷ್ಟು ಸಲ ಹೋಗುತ್ತಾರೆಂದು ಗುರುತು ಹಾಕಿ, ಅಜ್ಜ–ಅಜ್ಜಿಯರನ್ನು ಬಿಡಬೇಡಿ. ಈಗಿನ ಮನೆಯಿಂದ ಪ್ರತಿಯೊಬ್ಬರಿಗೂ ವಾರಕ್ಕೆ ಎಷ್ಟು ಗಂಟೆ ದಾರಿಯಲ್ಲಿ ಕಳೆಯುತ್ತದೆ ಎಂದು ಕೂಡಿಸಿ. ಆಮೇಲೆ ಎರಡು ಪ್ರಶ್ನೆ ಹಾಕಿಕೊಳ್ಳಿ: ಒಟ್ಟು ಗಂಟೆ ಅತಿ ಕಡಿಮೆಯಾಗುವ ಬಡಾವಣೆ ಯಾವುದು? ಅತಿ ಹೆಚ್ಚು ದಣಿಯುವವರ ದಣಿವು ಕಡಿಮೆಯಾಗುವ ಬಡಾವಣೆ ಯಾವುದು? ಎರಡಕ್ಕೂ ಒಂದೇ ಉತ್ತರ ಬಂದರೆ ನಿಮ್ಮದು ಅದೃಷ್ಟದ ಮನೆ. ಬೇರೆ ಬೇರೆ ಬಂದರೆ ನಕ್ಷೆಯನ್ನು ಮಡಿಸಬೇಡಿ. ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಸೇರಿದಾಗ ಮಾತಿಗೆ ತೆಗೆಯಿರಿ.